ತೂಕಕ್ಕೆ ಹೋದ ಗರಗಸ

ತನ್ನದಾಗಿದ್ದ ವಸ್ತುವನ್ನು ಕಳೆದುಕೊಂಡವನ ದುಃಖಕ್ಕೆ ಊರಿನಲ್ಲಿ ಸಾಕ್ಷಿಗಳಿರುತ್ತಾರೆ, ಸಮಾಧಾನ ಹೇಳುವ ನೆಂಟರೂ ಇರುತ್ತಾರೆ; ಎಂದೂ ತನ್ನದಾಗಿರದ ವಸ್ತು ಕೈತಪ್ಪಿತೆಂದು ಕೊರಗುವವನಿಗೆ ಮಾತ್ರ ಇವೆರಡರಲ್ಲಿ ಒಂದೂ ದೊರೆಯುವುದಿಲ್ಲ. ಇಂಥ ಅನಾಥ ಕೊರಗುಗಳ ಪೈಕಿ, ನಿಂತುಹೋದ ಕಾರ್ಖಾನೆಯ ಹೆಚ್ಚುವರಿ ಸಾಮಗ್ರಿಗಳ ಹರಾಜಿನಲ್ಲಿ ಅಗ್ಗಕ್ಕೆ ಸಿಗಬಹುದಾಗಿದ್ದು ಸಿಗದೆ ಹೋದ ಮರಗೆಲಸದ ಯಂತ್ರವನ್ನು ಕುರಿತ ಕೊರಗು ಗಾತ್ರದಲ್ಲಿ ಚಿಕ್ಕದಾದರೂ ಬಾಳಿಕೆಯಲ್ಲಿ ಅಸಾಧಾರಣವಾದುದು. ಅದು ಊಟ ಬಿಡಿಸುವುದಿಲ್ಲ, ನಿದ್ದೆ ಕೆಡಿಸುವುದಿಲ್ಲ. ಆದರೆ ಮಳೆಗಾಲದಲ್ಲಿ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಂಡಾಗ, ಅಥವಾ ನಾಲ್ಕು ಹಲಗೆಗೆ ಹತ್ತರಿ ಹೊಡೆದುದಕ್ಕೆ ಪೇಟೆಯ ಬಡಗಿ ಕೇಳಿದ ಕೂಲಿಯನ್ನು ಎಣಿಸಿಕೊಡುವಾಗ, ‘ಆ ಮೆಷಿನ್ನೊಂದು ಇದ್ದಿದ್ದರೆ’ ಎಂಬ ಅರ್ಧ ವಾಕ್ಯವಾಗಿ ಎದ್ದು, ಉಳಿದರ್ಧವನ್ನು ಕೇಳುವವರಿಲ್ಲದೆ ಮತ್ತೆ ಕೂತುಬಿಡುತ್ತದೆ. ಇದಕ್ಕೆ ಒಳಗಾದವನನ್ನು ಇಲ್ಲಿ ಸೌಕರ್ಯಕ್ಕಾಗಿ ಆಸಕ್ತ ಎಂದು ಕರೆಯಬಹುದು. ಹರಾಜಿನ ಕಾಗದಪತ್ರಗಳು ಅವನನ್ನು ಆಸಕ್ತ ಖರೀದಿದಾರನೆಂದು ಗೌರವಿಸುತ್ತವೆ. ಅದರಲ್ಲಿ ಮೊದಲರ್ಧ ಮಾತ್ರ ಅವನ ವಿಷಯದಲ್ಲಿ ನಿಜವಾಗುತ್ತದೆ. ಈ ಬರಹದ ಕರ್ತೃವನ್ನು ಆ ವರ್ಗದಿಂದ ಪೂರ್ತಿಯಾಗಿ ಹೊರಗಿಡುವುದು ಕಷ್ಟವೆಂಬುದನ್ನೂ ಶಾಸ್ತ್ರದ ಪ್ರಾಮಾಣಿಕತೆಗಾಗಿ ಹೇಳಿಬಿಡಬೇಕು.

ಇಂಥವರು ನಾಡಿನ ಎಲ್ಲೆಡೆ ಇದ್ದಾರಾದರೂ ಶಿವಮೊಗ್ಗ ಮತ್ತು ಭದ್ರಾವತಿಯ ನಡುವೆ ತುಸು ಹೆಚ್ಚಾಗಿ ಕಾಣಸಿಗುವುದಕ್ಕೆ ಸ್ಥಳದ ಚರಿತ್ರೆಯೇ ಕಾರಣ. ಬೆಂಗಳೂರನ್ನೂ ಹೊನ್ನಾವರವನ್ನೂ ಕೂಡಿಸುವುದರಿಂದ ಬಿ.ಎಚ್. ರಸ್ತೆ ಎನಿಸಿಕೊಂಡ ಹಳೆಯ ಹೆದ್ದಾರಿಯಲ್ಲಿ, ಶಿವಮೊಗ್ಗ ನಗರದ ಅಂಚಿಗೆ ಮಲವಗೊಪ್ಪ ಬರುತ್ತದೆ. ಅಲ್ಲಿಯ ತುಂಗಭದ್ರಾ ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವುದನ್ನು ನಿಲ್ಲಿಸಿ ದಶಕಗಳು ಕಳೆದಿದ್ದು, ಅದರ ಜಮೀನಿನ ವ್ಯಾಜ್ಯವು ಅದರ ಗಾಣಗಳಿಗಿಂತ ದೀರ್ಘಾಯುಷ್ಯವನ್ನು ಪಡೆದಿದೆ. ಅದೇ ರಸ್ತೆಯಲ್ಲಿ ಮುಂದೆ ಹೋದರೆ ನಿದಿಗೆ, ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ, ಕೊನೆಗೆ ಬೆಂಕಿಪುರವೆಂಬ ಹಳೆಯ ಹೆಸರಿನ ಭದ್ರಾವತಿ. ಅಲ್ಲಿ 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಮೈಸೂರು ಕಬ್ಬಿಣದ ಕಾರ್ಖಾನೆ, ಅಂದರೆ ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನೇ ಹೊತ್ತ ವಿ.ಐ.ಎಸ್.ಎಲ್., ಮತ್ತು 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ, ಅಂದರೆ ಎಂ.ಪಿ.ಎಂ., ಎರಡೂ ಇವೆ. ಕಾಗದದ ಯಂತ್ರಗಳು 2010ರ ದಶಕದ ನಡುವಿನಲ್ಲಿ ನಿಂತವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ಸುದ್ದಿ 2023ರ ಆರಂಭದಲ್ಲಿ ಬಂದು, ಕಾರ್ಮಿಕರು ಧರಣಿ ಕೂತು, ಅದೇ ವರ್ಷ ರೋಲಿಂಗ್ ಗಿರಣಿ ಮತ್ತೆ ತಿರುಗಿದ್ದನ್ನು ಊರು ಕಂಡಿದೆ. ಕಾರ್ಖಾನೆ ನಿಂತರೂ ನಡೆದರೂ ಅದಕ್ಕೆ ಬೇಡವಾದ ವಸ್ತುಗಳು ಇದ್ದೇ ಇರುತ್ತವೆ, ಬೇಡವಾದದ್ದನ್ನು ಲೆಕ್ಕದಿಂದ ತೆಗೆಯಬೇಕಾದರೆ ಹರಾಜು ಆಗಲೇಬೇಕು. ಹೀಗಾಗಿ ಇಪ್ಪತ್ತು ಕಿಲೋಮೀಟರಿನೊಳಗೆ ಸಕ್ಕರೆ, ಕಾಗದ, ಉಕ್ಕು ಮೂರನ್ನೂ ಕಂಡ ಈ ರಸ್ತೆಯಲ್ಲಿ ‘ಏನೋ ಹರಾಜಿಗೆ ಬಂದಿದೆಯಂತೆ’ ಎಂಬ ಮಾತಿಗೆ ಎಂದೂ ಬರಗಾಲ ಬಂದದ್ದಿಲ್ಲ.

ಕಬ್ಬಿಣದ ಕಾರ್ಖಾನೆಯಲ್ಲಿ ಮರಗೆಲಸಕ್ಕೇನು ಕೆಲಸವೆಂಬ ಸಂದೇಹ ಸಹಜವಾದುದಾದರೂ, ಭದ್ರಾವತಿಯ ಮಟ್ಟಿಗೆ ಮರವಿಲ್ಲದೆ ಕಬ್ಬಿಣವೇ ಇರಲಿಲ್ಲ. ಕಲ್ಲಿದ್ದಲು ದೂರದ ಬಂಗಾಳ–ಬಿಹಾರಗಳಿಂದ ಬರಬೇಕಾಗಿದ್ದ ಕಾಲದಲ್ಲಿ, ಕೆಮ್ಮಣ್ಣುಗುಂಡಿಯ ಅದಿರನ್ನು ಇಲ್ಲಿ ಕರಗಿಸಿದ್ದು ಮಲೆನಾಡಿನ ಸೌದೆಯ ಇದ್ದಿಲಿನಿಂದ. ಗಾಳಿಯಾಡದ ಪಾತ್ರೆಗಳಲ್ಲಿ ಸೌದೆಯನ್ನು ಕಾಯಿಸಿ, ಇದ್ದಿಲನ್ನು ಕುಲುಮೆಗೆ ಕಳಿಸಿ, ಹೊಗೆಯಿಂದ ಮರದ ಮದ್ಯಸಾರವನ್ನೂ ಟಾರನ್ನೂ ಹಿಂಡಿ ತೆಗೆಯುತ್ತಿದ್ದ ಘಟಕವೊಂದು ಕುಲುಮೆಯ ಜೊತೆಗೇ ಕೆಲಸ ಮಾಡುತ್ತಿತ್ತು. ಜೋಗದ ವಿದ್ಯುತ್ತು ಹೇರಳವಾಗಿ, 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬರುವ ತನಕ ಕಾಡು ಕಬ್ಬಿಣವಾಗುತ್ತಲೇ ಇತ್ತು. ಆದರೆ ಪ್ರಸ್ತುತ ವಿಷಯಕ್ಕೆ ಹೆಚ್ಚು ಹತ್ತಿರದ್ದು ಇನ್ನೊಂದು ಬಗೆಯ ಮರ: ಎರಕದ ಕೆಲಸ ಮಾಡುವ ಹಳೆಯ ಕಾರ್ಖಾನೆಗಳಲ್ಲೆಲ್ಲ ಕುಲುಮೆಯ ಗದ್ದಲದಿಂದ ದೂರವಾಗಿ, ನೆಲಕ್ಕೆ ಮರದ ಹೊಟ್ಟು ಹಾಸಿದ, ತೇಗದ ವಾಸನೆಯ ಒಂದು ಕೊಠಡಿ ಇರುತ್ತಿತ್ತು, ಮತ್ತು ಅದಕ್ಕೆ ಪ್ಯಾಟರ್ನ್ ಶಾಪು ಎಂದು ಹೆಸರು. ಕಬ್ಬಿಣದ ಯಾವುದೇ ಬಿಡಿಭಾಗವನ್ನು ಎರಕ ಹೊಯ್ಯುವ ಮೊದಲು ಅದರ ಆಕಾರವನ್ನು ಮರದಲ್ಲಿ ಕಡೆದು, ಆ ಮರದ ಅಚ್ಚನ್ನು ಒದ್ದೆ ಮರಳಿನಲ್ಲಿ ಹುಗಿದು, ಮರಳು ಕದಡದಂತೆ ಮೇಲಕ್ಕೆಳೆದು, ಉಳಿದ ಖಾಲಿಯೊಳಗೆ ಕರಗಿದ ಕಬ್ಬಿಣ ಸುರಿಯುತ್ತಾರೆ; ಆದ್ದರಿಂದ ಕಬ್ಬಿಣದ ನೇರ, ಕಬ್ಬಿಣದ ದುಂಡು, ಕಬ್ಬಿಣದ ನಯ ಎಲ್ಲವೂ ಮೊದಲು ಒಬ್ಬ ಬಡಗಿಯ ಕೈಯಲ್ಲಿ ಮರವಾಗಿ ಇರಬೇಕಾಗುತ್ತದೆ.

ಈ ಬಡಗಿಗಳ ಬಳಿ ಇದ್ದ ಉಪಕರಣಗಳಲ್ಲಿ ಅತ್ಯಂತ ವಿಚಿತ್ರವಾದುದು ಒಂದು ಅಳತೆಕೋಲು. ಕರಗಿದ ಲೋಹ ತಣಿಯುತ್ತ ಕುಗ್ಗುತ್ತದೆ. ಎರಕದ ಕಬ್ಬಿಣವು ಅಡಿಗೆ ಸುಮಾರು ಎಂಟನೆಯ ಒಂದು ಅಂಗುಲದಷ್ಟು, ಉಕ್ಕು ಅದರ ಇಮ್ಮಡಿಯಷ್ಟು. ಆದ್ದರಿಂದ ಮರದ ಅಚ್ಚನ್ನು ಬೇಕಾದ ಅಳತೆಗಿಂತ ಅಷ್ಟೇ ದೊಡ್ಡದಾಗಿ ಮಾಡಬೇಕು. ಪ್ರತಿ ಅಳತೆಗೂ ಕೂಡುವ ಲೆಕ್ಕ ಮಾಡುತ್ತ ಕೂರುವ ಬದಲು, ಅಳತೆಕೋಲನ್ನೇ ಉದ್ದವಾಗಿ ಮಾಡಿ, ಅದರ ಮೇಲೆ ಏನೂ ಆಗಿಲ್ಲವೆಂಬಂತೆ ಒಂದು, ಎರಡು, ಮೂರು ಎಂದು ಅಂಗುಲಗಳನ್ನು ಕೊರೆದುಬಿಡುವ ಉಪಾಯವನ್ನು ಈ ಕಸುಬಿನವರು ಕಂಡುಕೊಂಡರು. ಅದರಲ್ಲಿ ಹನ್ನೆರಡು ಅಂಗುಲವೆಂದು ಬರೆದಿರುವಲ್ಲಿ ನಿಜವಾಗಿ ಹನ್ನೆರಡೂ ಅರೆಕಾಲು ಅಂಗುಲ ಇರುತ್ತದೆ; ಒಂದೊಂದು ಅಂಚಿಗೆ ಒಂದೊಂದು ಲೋಹದ ಲೆಕ್ಕ. ಸುಳ್ಳು ಹೇಳುವ ಅಳತೆಕೋಲಿನಿಂದಲೇ ಸತ್ಯವಾದ ಗಾಲಿ, ಗಾಣ, ಗೇರುಗಳೆಲ್ಲ ಹುಟ್ಟಿದವೆಂಬುದು ತತ್ತ್ವಶಾಸ್ತ್ರಜ್ಞರ ಗಮನಕ್ಕೆ ಇನ್ನೂ ಬಂದಂತಿಲ್ಲ.

ಪ್ಯಾಟರ್ನ್ ಶಾಪಿನಲ್ಲಿಯೂ ಕಾರ್ಖಾನೆಯ ಸಾಮಾನ್ಯ ಬಡಗಿ ಶಾಲೆಯಲ್ಲಿಯೂ ಇರುತ್ತಿದ್ದ ಯಂತ್ರಗಳಲ್ಲಿ ಆಸಕ್ತನ ಕಣ್ಣು ಮುಖ್ಯವಾಗಿ ಎರಡರ ಮೇಲೆ. ಮೊದಲನೆಯದು ಬ್ಯಾಂಡ್‌ಸಾ, ಅಂದರೆ ಮೇಲೊಂದು ಕೆಳಗೊಂದು ದೊಡ್ಡ ಗಾಲಿಗಳ ಮೇಲೆ ಕೊನೆಯಿಲ್ಲದ ಪಟ್ಟಿಯಂತೆ ಸುತ್ತುವ ಗರಗಸ. ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ ಎಂಬಾತ 1808ರಲ್ಲೇ ಇದಕ್ಕೆ ಪೇಟೆಂಟು ಪಡೆದಿದ್ದರೂ, ಬೆಸೆದ ಜಾಗದಲ್ಲಿ ಪಟ್ಟಿ ತುಂಡಾಗುತ್ತಿದ್ದುದರಿಂದ, ಫ್ರಾನ್ಸಿನಲ್ಲಿ ಒಳ್ಳೆಯ ಬೆಸುಗೆಯ ವಿಧಾನ ಸಿಗುವವರೆಗೆ ಸುಮಾರು ನಾಲ್ಕು ದಶಕ ಅದು ಕಾಗದದ ಮೇಲೆಯೇ ಮರ ಕೊಯ್ಯುತ್ತಿತ್ತು. ಎರಡನೆಯದು ಪ್ಲೇನರು, ಅಂದರೆ ಬಡಗಿ ಹತ್ತರಿಯಿಂದ ಅರ್ಧ ದಿನ ಉಜ್ಜುವ ಹಲಗೆಯನ್ನು, ಉರುಳೆಗೆ ಸಿಕ್ಕಿಸಿದ ಅಲಗುಗಳ ಮೇಲೆ ಒಮ್ಮೆ ದೂಡಿದ ಮಾತ್ರಕ್ಕೆ ಮಟ್ಟಸ ಮಾಡುವ ಯಂತ್ರ. ಪಂಜಾಬಿನ ಬಟಾಲದಿಂದ ಬರುವ ಇಂಥ ಯಂತ್ರಗಳು ಇಂದೂ ಶಿವಮೊಗ್ಗದ ಅಂಗಡಿಗಳಲ್ಲಿ ಸಿಗುತ್ತವೆ, ದುಡ್ಡು ಕೊಟ್ಟರೆ ಮನೆಗೇ ಬರುತ್ತವೆ. ಆದರೆ ದುಡ್ಡು ಕೊಟ್ಟರೆ ಸಿಗುವ ವಸ್ತುವಿನಲ್ಲಿ ಆಸಕ್ತನಿಗೆ ಆಸಕ್ತಿ ಹುಟ್ಟುವುದಿಲ್ಲ. ಅವನ ಮನಸ್ಸಿನಲ್ಲಿರುವುದು ಲೀಸ್ಟರಿನ ವ್ಯಾಡ್ಕಿನ್ನಿನಂಥ ಹಳೆಯ ಇಂಗ್ಲಿಷ್ ಕಂಪನಿಗಳ, ಆನೆಗಾಲಿನಂಥ ಎರಕದ ಪೀಠದ ಯಂತ್ರ. ಇದು ಬರಿಯ ಹಳೆಯದರ ಮೋಹವಲ್ಲವೆಂದೂ ಒಪ್ಪಬೇಕು. ಎರಕದ ಕಬ್ಬಿಣದೊಳಗೆ ಗ್ರಾಫೈಟಿನ ಸಣ್ಣ ಸಣ್ಣ ಪದರಗಳಿರುವುದರಿಂದ ಅದು ನಡುಕವನ್ನು ನುಂಗುತ್ತದೆ, ನಡುಗದ ಯಂತ್ರ ನೇರವಾಗಿ ಕೊಯ್ಯುತ್ತದೆ, ಮತ್ತು ತೆಳು ತಗಡು ಬಗ್ಗಿಸಿ ಮಾಡಿದ ಹೊಸ ಯಂತ್ರಗಳು ಇದ್ದ ಜಾಗದಲ್ಲೇ ಕುಣಿಯುವುದನ್ನು ಕಂಡವರು ಆ ಭಾರಕ್ಕೆ ಕೈಮುಗಿಯುತ್ತಾರೆ. ವಿಪರ್ಯಾಸವೆಂದರೆ ಯಂತ್ರದ ಗುಣವಾದ ಆ ಭಾರವೇ ಹರಾಜಿನಲ್ಲಿ ಅದರ ಮೃತ್ಯುವಾಗುವುದು.

ಇದು ಸ್ಪಷ್ಟವಾಗುವುದು ಪರಿಶೀಲನೆಯ ದಿನ. ಹರಾಜಿಗೆ ಮುಂಚೆ ಮಾಲನ್ನು ನೋಡಿಕೊಳ್ಳಲು ಕಾರ್ಖಾನೆಯವರು ದಿನ ಗೊತ್ತುಮಾಡುತ್ತಾರೆ. ಏಕೆಂದರೆ ಮಾರಾಟವೆಲ್ಲ ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ’ ಎಂಬ ಷರತ್ತಿನದು, ಅಂದರೆ ಆಮೇಲೆ ತುಕ್ಕು ಕಂಡಿತು, ಮೋಟಾರು ಕಾಣೆಯಾಯಿತು ಎಂದು ಯಾರೂ ದೂರುವಂತಿಲ್ಲ. ಆ ದಿನ ಗೇಟಿನಲ್ಲಿ ಹೆಸರು ಬರೆಸಿ ಒಳಗೆ ಹೋಗುವವರಲ್ಲಿ ಎರಡು ಜಾತಿ. ಗುಜರಿ ವ್ಯಾಪಾರಿಯು ಶೆಡ್ಡಿನ ಬಾಗಿಲಲ್ಲೇ ನಿಂತು, ಒಮ್ಮೆ ಕಣ್ಣಾಡಿಸಿ, ಜೇಬಿನಿಂದ ಚಿಕ್ಕ ಆಯಸ್ಕಾಂತ ತೆಗೆದು ಎರಡು ಕಡೆ ಅಂಟಿಸಿ ನೋಡಿ, ತಾಮ್ರದ ವೈಂಡಿಂಗು ಉಳಿದಿದೆಯೇ ಎಂದು ಮೋಟಾರಿನತ್ತ ಬಗ್ಗಿ, ಟೀ ಕುಡಿಯಲು ಹೊರಡುತ್ತಾನೆ. ಆಸಕ್ತನಾದರೋ ಪಾರಿವಾಳದ ಹಿಕ್ಕೆಯ ಕೆಳಗಿನಿಂದ ಕಂಪನಿಯ ಹೆಸರಿನ ಫಲಕವನ್ನು ಬೆರಳಿನಿಂದ ಒರೆಸಿ ಓದುತ್ತಾನೆ, ಮೇಲಿನ ಗಾಲಿಯನ್ನು ಕೈಯಿಂದ ತಿರುಗಿಸಿ ಬೇರಿಂಗಿನ ಸದ್ದಿಗೆ ಕಿವಿ ಕೊಡುತ್ತಾನೆ, ಜೇಡರ ಬಲೆಯಲ್ಲಿ ಕೈಯಿಟ್ಟು ಮೇಜಿನ ಮಟ್ಟ ಸವರುತ್ತಾನೆ, ಮತ್ತು ಈ ಎಲ್ಲ ಸಂಭ್ರಮದಲ್ಲಿ ತನ್ನ ಪ್ರೀತಿಯನ್ನು ಪ್ರತಿಸ್ಪರ್ಧಿಯ ಎದುರಿಗೇ ಬಯಲು ಮಾಡಿಕೊಳ್ಳುತ್ತಾನೆ.

“ಏನ್ ಸಾರ್, ಇಷ್ಟೊತ್ತು ನೋಡ್ತಾ ಇದೀರಿ?”

“ಮೆಷಿನ್ನು ಚೆನ್ನಾಗಿದೆ ಕಣ್ರೀ. ಎಂಥಾ ಮೆಷಿನ್ನು!”

“ಮೆಷಿನ್ ಎಲ್ಲಿದೆ ಸಾರ್ ಇಲ್ಲಿ? ಅದು ಒಂದೂಕಾಲು ಟನ್ನು.”

ಹರಾಜಿನ ಅರ್ಥಶಾಸ್ತ್ರವೆಲ್ಲ ಈ ಕೊನೆಯ ಮಾತಿನಲ್ಲಿ ಅಡಗಿದೆ. ವ್ಯಾಪಾರಿಯ ಲೆಕ್ಕ ತೂಕದ್ದು. ಎರಕದ ಕಬ್ಬಿಣಕ್ಕೆ ಕಿಲೋಗೆ 35 ರೂಪಾಯಿ ಎಂದು ಹಿಡಿದರೆ 1,250 ಕಿಲೋಗೆ ಇಷ್ಟು, ಲಾರಿ ಬಾಡಿಗೆ ಇಷ್ಟು, ಕತ್ತರಿಸುವ ಕೂಲಿ ಇಷ್ಟು, ಉಳಿದದ್ದು ಲಾಭ. ಆಸಕ್ತನ ಲೆಕ್ಕ ಬರಲಿರುವ ಕಾಲದ್ದು. ಮಗಳ ಮನೆಗೆ ಊಟದ ಮೇಜು, ದೇವರ ಮನೆಗೆ ಬಾಗಿಲು, ಅಡಿಕೆ ತೋಟದ ಬದಿಯಲ್ಲಿ ಬಿದ್ದಿರುವ ಹಲಸಿನ ದಿಮ್ಮಿಯಿಂದ ಎಂಟು ಕುರ್ಚಿ. ಮೊದಲನೆಯದನ್ನು ವೇಬ್ರಿಡ್ಜಿನ ಚೀಟಿ ಸಾಬೀತು ಮಾಡುತ್ತದೆ, ಎರಡನೆಯದಕ್ಕೆ ಆಸಕ್ತನ ಮುಖದ ಹೊಳಪಿನ ಹೊರತು ಬೇರೆ ದಾಖಲೆಯಿಲ್ಲ.

ಹರಾಜೆಂಬುದು ಎಲ್ಲ ಕಡೆಯೂ ಇಷ್ಟು ನಿರ್ದಯವಾಗಿಲ್ಲವೆಂಬುದನ್ನು ಇಲ್ಲಿ ಸ್ಮರಿಸುವುದು ನ್ಯಾಯ. ಗಣಪತಿಯನ್ನು ಕೆರೆಗೆ ಬಿಡುವ ಮುನ್ನ ಪೆಂಡಾಲಿನಲ್ಲಿ ನಡೆಯುವ ಸವಾಲಿನಲ್ಲಿ, ದೇವರ ಕೊರಳ ಹಾರ, ಕೈಯ ಲಾಡು, ಹಣ್ಣಿನ ಬುಟ್ಟಿಗಳು ಪೇಟೆಯ ಬೆಲೆಯ ನೂರು ಪಾಲಿಗೆ ಹೋಗುತ್ತವೆ. ಮೈಕು ಹಿಡಿದವನು ‘ಒಂದು ಸಾರಿ, ಎರಡು ಸಾರಿ’ ಎಂದು ಎಳೆಯುತ್ತ, ಮೂರನೆಯದನ್ನು ಹೇಳದೆ, ಊರಿನ ಮಾನವಂತರ ಮುಖವನ್ನು ಒಂದೊಂದಾಗಿ ನೋಡುತ್ತಾನೆ, ಮತ್ತು ಕೂಗಿದ ಹಣವನ್ನು ಮುಂದಿನ ವರ್ಷದ ಚೌತಿಯೊಳಗೆ ಕೊಟ್ಟರಾಯಿತು. ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ತೇರಿನ ದಿನ ಮುಕ್ತಿ ಬಾವುಟವೆಂಬ ಬಟ್ಟೆಯ ಧ್ವಜವೊಂದು ಲಕ್ಷಾಂತರ ರೂಪಾಯಿಗೆ ಹರಾಜಾಗುವಾಗ ಅದರ ತೂಕವನ್ನು ಯಾರೂ ಕೇಳುವುದಿಲ್ಲ. ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲಿನ ಮರೆಯಲ್ಲಿ ಒಬ್ಬರ ಬೆರಳನ್ನೊಬ್ಬರು ಹಿಡಿದು ಬೆಲೆ ಕಟ್ಟುವಾಗ, ಸುತ್ತ ನಿಂತ ನೂರು ಜನಕ್ಕೆ ಕಾಣುವುದು ಟವೆಲಿನ ಅಲುಗಾಟ ಮಾತ್ರ. ಶಿವಮೊಗ್ಗದ ಅಡಿಕೆ ಮಂಡಿಗಳಲ್ಲಿ ಖರೀದಿದಾರರು ರಾಶಿಗೆ ಟೆಂಡರು ಹಾಕಿ, ಯಾರ ಅಂಕಿ ಮೇಲೆಂಬುದು ತಿಳಿಯುವ ತನಕ ಒಬ್ಬರ ಮುಖವನ್ನೊಬ್ಬರು ನೋಡದೆ ಎಲೆ ಹಾಕಿಕೊಳ್ಳುತ್ತಾರೆ. ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ ಹಡಗುಗಳನ್ನು ಮೇಣದಬತ್ತಿಯ ತುಂಡು ಹಚ್ಚಿ ಹರಾಜು ಹಾಕುತ್ತಿದ್ದರು; ಬತ್ತಿ ಆರುವ ಕ್ಷಣಕ್ಕೆ ಯಾರ ಕೂಗು ಕೊನೆಯದೋ ಮಾಲು ಅವನದು. ಅಲ್ಲಿ ಸದಾ ಗೆಲ್ಲುತ್ತಿದ್ದ ಒಬ್ಬ ಚತುರನು, ಬತ್ತಿ ಆರುವ ತುಸು ಮುಂಚೆ ಹೊಗೆ ಕೆಳಮುಖವಾಗಿ ಇಳಿಯುತ್ತದೆಂಬ ಗುಟ್ಟನ್ನು ಹೇಳಿದನೆಂದು ಸ್ಯಾಮ್ಯುಯೆಲ್ ಪೀಪ್ಸ್ 1662ರ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

ಇಂದಿನ ಆಸಕ್ತನಿಗೆ ನೋಡಲು ಮುಖವೂ ಇಲ್ಲ, ಹೊಗೆಯೂ ಇಲ್ಲ. ಸರ್ಕಾರಿ ವಲಯದ ಕಾರ್ಖಾನೆಗಳ ಹೆಚ್ಚುವರಿ ಮಾಲು ಬಹುಮಟ್ಟಿಗೆ ಕಂಪ್ಯೂಟರಿನ ಮೂಲಕವೇ ಹರಾಜಾಗುತ್ತದೆ. ಲೋಹದ ಗುಜರಿಯ ವ್ಯವಹಾರಕ್ಕೆಂದೇ 1964ರಲ್ಲಿ ಹುಟ್ಟಿದ ಎಂ.ಎಸ್.ಟಿ.ಸಿ., ಉಕ್ಕು ಪ್ರಾಧಿಕಾರವೂ ಟಾಟಾ ಸ್ಟೀಲೂ ಕೂಡಿ 2001ರಲ್ಲಿ ಕಟ್ಟಿದ ಎಂ-ಜಂಕ್ಷನ್, ಇದನ್ನು ನಡೆಸುವ ಇವೆರಡೂ ಕೋಲ್ಕತ್ತೆಯ ಸಂಸ್ಥೆಗಳು. ಹೀಗಾಗಿ ಮಲವಗೊಪ್ಪದ ಮನೆಯೊಂದರಿಂದ ಕೂಗಿದ ಸವಾಲು ಕೂಗಳತೆಯ ಶೆಡ್ಡಿನಲ್ಲಿರುವ ಯಂತ್ರವನ್ನು ಮುಟ್ಟಬೇಕಾದರೆ ಹೂಗ್ಲಿ ನದಿಯ ದಡವನ್ನು ಸುತ್ತಿ ಬರಬೇಕು. ಈ ಪದ್ಧತಿಯಿಂದ ಗುಂಪು ಕಟ್ಟಿಕೊಂಡು ಬೆಲೆ ಇಳಿಸುವ ಹಳೆಯ ಚಾಳಿ ಕಡಿಮೆಯಾಯಿತು, ನೋಂದಾಯಿಸಿಕೊಂಡ ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ಕೂಗಬಹುದಾಯಿತು; ಮೊರಾದಾಬಾದಿನವನೂ ಕೊಯಮತ್ತೂರಿನವನೂ ಕೂಗತೊಡಗಿದ್ದರಿಂದ ಆಸಕ್ತನ ಪಾಲಿಗೆ ಅದೇ ಕೇಡಾಯಿತು. ಗಡುವು ಮುಗಿಯುವ ಕೊನೆಯ ನಿಮಿಷಗಳಲ್ಲಿ ಯಾರಾದರೂ ಮೇಲು ಬೆಲೆ ಹಾಕಿದರೆ ಗಡುವು ತಾನಾಗಿಯೇ ಮುಂದಕ್ಕೆ ಹೋಗುತ್ತದೆ, ಅಂದರೆ ಈ ಮೇಣದಬತ್ತಿ ಆರುವ ಹೊತ್ತಿಗೆಲ್ಲ ಮತ್ತೆ ಉದ್ದವಾಗುತ್ತದೆ. ಎರಡು ಬೆರಳಿನಿಂದ ಟೈಪು ಮಾಡುವ ಒಬ್ಬ ಆಸಕ್ತನು ಒಂದು ಸೊನ್ನೆ ಹೆಚ್ಚಾದೀತೆಂಬ ಭಯದಲ್ಲಿ ಮೂರು ಸಲ ಸರಿನೋಡಿಕೊಂಡು ಗುಂಡಿ ಒತ್ತುವಷ್ಟರಲ್ಲಿ ಅಂಕಿ ಮೇಲೇರಿಬಿಟ್ಟಿತ್ತು, ಮತ್ತು ಅದೇ ಹೊತ್ತಿಗೆ ಸರಿಯಾಗಿ ಕರೆಂಟೂ ಹೋಯಿತು.

ಆದರೆ ಕರೆಂಟಿನ ಮೇಲೆ ತಪ್ಪು ಹೊರಿಸುವುದು ಶಾಸ್ತ್ರಸಮ್ಮತವಲ್ಲ, ಏಕೆಂದರೆ ಸೋಲಿನ ನಿಜವಾದ ಕಾರಣ ಲಾಟು. ಮಾಲನ್ನು ಬಿಡಿಬಿಡಿಯಾಗಿ ಮಾರುವುದು ಕಾರ್ಖಾನೆಗೆ ತಲೆನೋವಾದ್ದರಿಂದ ಶೆಡ್ಡಿನಲ್ಲಿರುವುದನ್ನೆಲ್ಲ ಗುಡ್ಡೆ ಹಾಕಿ ಒಂದು ಲಾಟು ಎನ್ನುತ್ತಾರೆ. ಬ್ಯಾಂಡ್‌ಸಾ ಬೇಕೆಂದವನು ಅದರ ಜೊತೆಗೆ ತುಕ್ಕು ಹಿಡಿದ ಕೊಳವೆ, ಒಡೆದ ವಾಲ್ವು, ಹರಿದ ಕನ್ವೇಯರ್ ಬೆಲ್ಟು, ಲೆಕ್ಕದ ಪುಸ್ತಕವಿಟ್ಟಿದ್ದ ಕಬ್ಬಿಣದ ಬೀರು, ಹೀಗೆ ಹತ್ತಿಪ್ಪತ್ತು ಟನ್ನು ಸಂಸಾರವನ್ನು ಕೊಳ್ಳಬೇಕು. ಭಾಗವಹಿಸುವ ಮೊದಲೇ ಠೇವಣಿ ಇಡಬೇಕು, ಗೆದ್ದರೆ ಬೆಲೆಯ ಮೇಲೆ 18 ಪರ್ಸೆಂಟು ಜಿ.ಎಸ್.ಟಿ. ಕಟ್ಟಬೇಕು, ಗೊತ್ತಾದ ದಿನದೊಳಗೆ ಎತ್ತದಿದ್ದರೆ ನೆಲಬಾಡಿಗೆ ತೆರಬೇಕು. ಇಷ್ಟೆಲ್ಲ ಆಗಿ ಮೇಲು ಬೆಲೆ ತನ್ನದೇ ಆದರೂ, ಲಾಟಿನ ಎದುರು ‘ಮಂಜೂರಾತಿಗೆ ಒಳಪಟ್ಟು’ ಎಂದಿದ್ದರೆ, ಮಾರುವವರು ತಾವು ಮನಸ್ಸಿನಲ್ಲಿಟ್ಟುಕೊಂಡ ಬೆಲೆ ಬರಲಿಲ್ಲವೆಂದು ಮಾಲನ್ನು ಹಿಂದಕ್ಕೆಳೆದುಕೊಂಡು ಮರುಹರಾಜಿಗೆ ಹಾಕಬಹುದು. ಗುಜರಿ ವ್ಯಾಪಾರಿಯ ಹತ್ತಿರವೇ ಹೋಗಿ, ‘ನೀನು ಎಲ್ಲ ತಗೋ, ಆ ಒಂದು ಮೆಷಿನ್ನನ್ನು ನನಗೆ ಬಿಟ್ಟುಕೊಡು’ ಎಂದು ಒಪ್ಪಂದ ಮಾಡಿಕೊಳ್ಳುವುದೇ ಬುದ್ಧಿವಂತಿಕೆಯೆಂದು ಅನುಭವಸ್ಥರು ಹೇಳುತ್ತಾರೆ. ಆದರೆ ಪರಿಶೀಲನೆಯ ದಿನ ಆ ವ್ಯಾಪಾರಿ ಆಸಕ್ತನ ಮುಖ ನೋಡಿರುತ್ತಾನಾದ್ದರಿಂದ ಬೆಲೆ ಆಗ ಟನ್ನಿನದಾಗಿರುವುದಿಲ್ಲ, ಮೆಷಿನ್ನಿನದಾಗಿರುತ್ತದೆ.

ಹರಾಜಿನಲ್ಲಿ ಗೆದ್ದವನೇ ಸೋತವನೆಂಬ ಸಾಂತ್ವನವೊಂದು ಅರ್ಥಶಾಸ್ತ್ರದಲ್ಲಿದೆ. ಸಮುದ್ರದಡಿಯ ತೈಲದ ಹಕ್ಕುಗಳನ್ನು ಹರಾಜಿನಲ್ಲಿ ಪಡೆದ ಕಂಪನಿಗಳು ನಿರೀಕ್ಷಿಸಿದ ಲಾಭವನ್ನೇಕೆ ಕಾಣುತ್ತಿಲ್ಲವೆಂದು ವಿಚಾರಿಸಿದ ಅಮೆರಿಕದ ಮೂವರು ಎಂಜಿನಿಯರುಗಳು, ಎಲ್ಲರಿಗಿಂತ ಹೆಚ್ಚು ಆಸೆಪಟ್ಟು ಹೆಚ್ಚು ಅಂದಾಜು ಮಾಡಿದವನೇ ಗೆಲ್ಲುವುದರಿಂದ ಗೆಲುವೆಂದರೆ ಬಹುತೇಕ ತಪ್ಪು ಅಂದಾಜೇ ಎಂದು 1971ರಲ್ಲಿ ತೋರಿಸಿಕೊಟ್ಟರು. ಅದಕ್ಕೆ ವಿಜೇತನ ಶಾಪವೆಂದು ಹೆಸರಾಯಿತು. ಇದಕ್ಕಿಂತ ಹಳೆಯ ನಿದರ್ಶನ ರೋಮಿನದು. ಕ್ರಿ.ಶ. 193ರಲ್ಲಿ ಅರಮನೆಯ ಕಾವಲು ಪಡೆಯವರು ಚಕ್ರವರ್ತಿಯನ್ನು ಕೊಂದು ಸಾಮ್ರಾಜ್ಯವನ್ನೇ ಹರಾಜಿಗೆ ಹಾಕಿದಾಗ, ದಿದಿಯಸ್ ಜೂಲಿಯಾನಸ್ ಎಂಬ ಶ್ರೀಮಂತನು ಅದನ್ನು ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ ಕೊಂಡು, ಒಂಬತ್ತು ವಾರಗಳ ಮೇಲೆ ತಲೆ ಕಳೆದುಕೊಂಡ. ಆಸಕ್ತನ ಮನೆಯಲ್ಲಿ ಈ ಸಿದ್ಧಾಂತವನ್ನು ಪುಸ್ತಕದ ನೆರವಿಲ್ಲದೆ ಪ್ರತಿಪಾದಿಸುವವರಿದ್ದಾರೆ. “ಬಂದಿದ್ರೆ ಎಲ್ಲಿ ಇಡ್ತಿದ್ರಿ ಹೇಳಿ? ಸ್ಕೂಟರ್ ನಿಲ್ಸಕ್ಕೇ ಜಾಗ ಇಲ್ಲ” ಎಂಬ ಹೆಂಡತಿಯ ಪ್ರಶ್ನೆಗೆ ಉತ್ತರವಿಲ್ಲ. ಆ ಯಂತ್ರಕ್ಕೆ ಮೂರು ಫೇಸಿನ ವಿದ್ಯುತ್ತು ಬೇಕು, ಮನೆಗಿರುವುದು ಒಂದು ಫೇಸು. ಮೆಸ್ಕಾಂ ಕಚೇರಿಗೆ ಅರ್ಜಿ ಹಾಕಬೇಕು, ಅಡಿಪಾಯಕ್ಕೆ ಕಾಂಕ್ರೀಟು ಹಾಕಿಸಬೇಕು, ನೆರೆಮನೆಯವರ ನಿದ್ದೆಗೆ ಜವಾಬು ಹೇಳಬೇಕು. ಇವೆಲ್ಲದರ ಮೇಲೆ ಅರಣ್ಯ ಇಲಾಖೆ. ದಿಮ್ಮಿ ಕೊಯ್ಯುವ ಗರಗಸ ನಡೆಸಲು ಪರವಾನಗಿ ಬೇಕೆಂಬುದು ಹಳೆಯ ನಿಯಮ. ಕಾಡಿನ ರಕ್ಷಣೆಗೆ ಸಂಬಂಧಿಸಿದ ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಿಂದ ಕೊಡುತ್ತ ಬಂದ ಆದೇಶಗಳು, ಮುಖ್ಯವಾಗಿ 2002ರ ಆದೇಶ, ಹೊಸ ಸಾಮಿಲ್ಲುಗಳಿಗೆ ಅನುಮತಿಯನ್ನು ಬಲು ಬಿಗಿ ಮಾಡಿದವು. ಮಲೆನಾಡಿನ ಮರಗಳ ಪಾಲಿಗೆ ಅದು ಒಳ್ಳೆಯದೇ ಆಯಿತು. ಹಲಸಿನ ದಿಮ್ಮಿಯ ಎಂಟು ಕುರ್ಚಿಗಳನ್ನು ಮಾತ್ರ ಆಸಕ್ತನು ಯಾವ ಇಲಾಖೆಗೂ ತಿಳಿಯದಂತೆ ಮನಸ್ಸಿನಲ್ಲೇ ಕಡೆಯುತ್ತಿದ್ದ.

ಇಷ್ಟೆಲ್ಲ ತಿಳಿದೂ ಕೊರಗು ಕರಗುವುದಿಲ್ಲ, ಕರಗುವುದು ಯಂತ್ರ. ಎರಕದ ಕಬ್ಬಿಣ ಗಡುಸಾದರೂ ಪೆಟ್ಟಿಗೆ ಒಡೆಯುವ ಸ್ವಭಾವದ್ದಾದ್ದರಿಂದ, ಲಾಟು ಗೆದ್ದವನ ಆಳುಗಳು ಉಕ್ಕಿನ ಭಾಗಗಳಿಗೆ ಗ್ಯಾಸ್ ಕಟರು ಹಿಡಿದು, ಎರಕದ ಚೌಕಟ್ಟನ್ನು ದೊಡ್ಡ ಸುತ್ತಿಗೆಯಿಂದ ಹೊಡೆದು ಚೂರು ಮಾಡುತ್ತಾರೆ. ಆ ಚೂರುಗಳು ಬಹುದೂರ ಪ್ರಯಾಣ ಮಾಡಬೇಕಾದ ಅಗತ್ಯವೂ ಇಲ್ಲ. ಶಿವಮೊಗ್ಗ ಮತ್ತು ಮಾಚೇನಹಳ್ಳಿಯ ಫೌಂಡ್ರಿಗಳು, ಅಂದರೆ ಎರಕದ ಕಾರ್ಖಾನೆಗಳು, ವಿದ್ಯುತ್ ಕುಲುಮೆಯಲ್ಲಿ ಗುಜರಿ ಕರಗಿಸಿ ವಾಹನಗಳ ಬಿಡಿಭಾಗಗಳನ್ನು ಹೊಯ್ಯುತ್ತವೆ, ಆದ್ದರಿಂದ ನಿನ್ನೆಯ ಗರಗಸದ ಪೀಠ ನಾಳೆ ಯಾವುದೋ ಲಾರಿಯ ಚಕ್ರದ ಕುಂಭವಾಗಿ ಅದೇ ಬಿ.ಎಚ್. ರಸ್ತೆಯಲ್ಲಿ ಮಲವಗೊಪ್ಪವನ್ನು ದಾಟಿಹೋಗುವುದು ಅಸಂಭವವೇನಲ್ಲ. ಮರಳಿನಲ್ಲಿ ಹುಗಿಯುವ ಅಚ್ಚು ಈಗ ಬಹುಮಟ್ಟಿಗೆ ಲೋಹದ್ದೋ ರೆಸಿನ್ನಿನದೋ ಆಗಿದೆ; ಅದನ್ನು ಕಡೆಯುವುದು ಕಂಪ್ಯೂಟರು ನಡೆಸುವ ಯಂತ್ರ, ಕುಗ್ಗುವಿಕೆಯ ಲೆಕ್ಕವನ್ನು ನೋಡಿಕೊಳ್ಳುವುದೂ ಅದೇ. ಹಾಗಾಗಿ ಆ ಬ್ಯಾಂಡ್‌ಸಾ ಯಂತ್ರವಾಗಿ ಉಳಿದಿರುವುದು ಅದನ್ನು ಪಡೆಯದವನ ನೆನಪಿನಲ್ಲಿ ಮಾತ್ರ. ಗೆದ್ದವನಿಗೆ ಅದು ಒಂದು ಚೀಟಿ, ಕಾರ್ಖಾನೆಗೆ ಲೆಕ್ಕದಿಂದ ತೆಗೆದ ಒಂದು ಸಾಲು. ಆಸಕ್ತನ ನೆನಪಿನಲ್ಲಾದರೋ ಅದರ ಗಾಲಿ ಇನ್ನೂ ತಿರುಗುತ್ತದೆ, ಸತ್ತ ಎಮ್ಮೆಗೆ ಹಾಲು ಹೆಚ್ಚೆಂಬಂತೆ ವರ್ಷವರ್ಷಕ್ಕೂ ಎರಡು ಅಂಗುಲ ದೊಡ್ಡದಾಗುತ್ತದೆ, ಮತ್ತು ಬೆಲೆ ಅಷ್ಟಷ್ಟೇ ಇಳಿಯುತ್ತದೆ.

ಆ ಹರಾಜಿನ ಮಾಲಿನಲ್ಲಿ ಆಸಕ್ತನೊಬ್ಬನಿಗೆ ಕೊನೆಗೂ ಒಂದು ವಸ್ತು ದಕ್ಕಿತೆಂಬುದನ್ನು ಹೇಳದಿದ್ದರೆ ವರದಿ ಅಪೂರ್ಣವಾದೀತು. ಲಾಟು ಹೋದ ಕೆಲವು ದಿನಗಳ ಮೇಲೆ ಆತ ಗುಜರಿ ಅಂಗಡಿಗೆ ಸುಮ್ಮನೆ ನೋಡಿಬರಲು ಹೋದಾಗ, ಗಾಲಿಗಳೂ ಪೀಠವೂ ಆಗಲೇ ಹೊರಟುಹೋಗಿದ್ದು, ಬೋಲ್ಟುಗಳ ರಾಶಿಯಲ್ಲಿ ಹಿತ್ತಾಳೆಯ ಅಂಚಿನ ಉದ್ದನೆಯ ಅಳತೆಕೋಲೊಂದು ಸಿಕ್ಕಿತು; ಸಂಖ್ಯೆಗಳು ಸ್ಪಷ್ಟ, ಗೀಟುಗಳು ಕೂದಲಿನಷ್ಟು ಸಣ್ಣ, ಇಂಥದ್ದು ಈಗೆಲ್ಲಿ ಬರುತ್ತದೆ ಎಂದು ಆತನಿಗೆ ಕಣ್ಣು ತುಂಬಿತು. ಅಂಗಡಿಯವನು ಅದನ್ನು ತಕ್ಕಡಿಯಲ್ಲಿಟ್ಟು ಹಿತ್ತಾಳೆಯ ದರ ಹಾಕಿ, ಮರದ ಭಾಗಕ್ಕೆ ಏನೂ ಹಿಡಿಯದೆ ಕೊಟ್ಟ. ಅದೇ ಕೋಲಿನಿಂದ ಅಳೆದು, ಮಲಗುವ ಕೋಣೆಯ ಗೋಡೆಯ ಸಂದಿಗೆಂದು ಆರು ಅಡಿ ಎತ್ತರದ ಕಪಾಟೊಂದನ್ನು ಆತ ಭಾನುವಾರಗಳಲ್ಲಿ ಕೂತು ಮುಗಿಸಿದ. ಸಂದಿಯನ್ನು ಅಳೆದದ್ದು ಮಾತ್ರ ಹೆಂಡತಿಯ ಹೊಲಿಗೆಯ ಟೇಪಿನಿಂದ. ಕಪಾಟು ಮುಕ್ಕಾಲು ಅಂಗುಲ ಎತ್ತರವಾಗಿ ಮೇಲಿನ ತೊಲೆಗೆ ತಗುಲಿ ನಿಂತಿತು. ಕೋಲು ಎರಕದ ಕಬ್ಬಿಣದ ಲೆಕ್ಕದ್ದೆಂದೂ, ಕಪಾಟನ್ನು ಕರಗಿಸಿ ಹೊಯ್ದು ತಣಿಸಿದ್ದರೆ ಅಳತೆಗೆ ಸರಿಯಾಗಿ ಕೂರುತ್ತಿತ್ತೆಂದೂ ಕಾರ್ಖಾನೆಯಿಂದ ನಿವೃತ್ತರಾದ ನೆರೆಮನೆಯ ಹಿರಿಯರೊಬ್ಬರು ವಿವರಿಸುತ್ತಿದ್ದಾಗ, ಆತ ಆಗಲೇ ಕಪಾಟನ್ನು ಮಲಗಿಸಿ, ಅದರ ಕಾಲುಗಳಿಗೆ ಗರಗಸ ಹಾಕುವುದೋ ತಲೆಗೆ ಹತ್ತರಿ ಹೊಡೆಯುವುದೋ ಎಂದು ಯೋಚಿಸುತ್ತಿದ್ದ.